ಷರತ್ತು ಹದಿನಾಲ್ಕು

ಹೋರ್ತಾದ ಹಳೆಯ ಶಾಲೆಯ ಊಟದ ಕೋಣೆಯಲ್ಲಿ
ನಲವತ್ತು ಕುರ್ಚಿ ಹಾಕಿಸಿದ್ದೆ.
ಬಂದವರು ಹನ್ನೊಂದು ಜನ, ಒಂದು ನಾಯಿ.
ಗೋಡೆಗೆ ಕಡಲಿನ ನಕ್ಷೆ:
ಹಸಿರು ಗೆರೆಯೊಳಗೆ ರಕ್ಷಿತ ನೀರು,
ನಡುವೆ ನಾವು ವಿಧವೆಯ ದಿಬ್ಬ ಅನ್ನುವ ಮುಳುಗುಗುಡ್ಡ,
ಅದರ ಬೆನ್ನು ಸೀಳಿಕೊಂಡು ಕೆಂಪು ಗೆರೆ,
ಇನ್ನೂ ಇಲ್ಲದ ಕೇಬಲ್.

ಕಂಪನಿಯವನು ತುಂಡೊಂದನ್ನು ಮೇಜಿನ ಮೇಲಿಟ್ಟ.
ತೋಟಕ್ಕೆ ನೀರು ಬಿಡುವ ಪೈಪಿನಷ್ಟು ದಪ್ಪ,
ಒಳಗೆ ಕೂದಲೆಳೆ ಗಾಜು.
"ಇಷ್ಟೇ. ಇದು ಯಾರಿಗೆ ಏನು ಮಾಡೀತು?"
ಹೊಸ ಕೂಸಿನ ಹಾಗೆ ಅದು ಕೈಯಿಂದ ಕೈಗೆ ಹೋಯಿತು.
ನಾಯಿ ಮೂಸಿ ಬಿಟ್ಟಿತು.

ಎದುಯೀನು ಎದ್ದ. ಎಡಗೈಗೆ ನಾಲ್ಕೇ ಬೆರಳು.
"ಲಂಗರು ಬೇಡ ಅಂದಿರಿ, ಹಾಕಲಿಲ್ಲ.
ಬಲೆ ಬೇಡ ಅಂದಿರಿ, ಮಾರಿದೆ.
ಏಳು ವರ್ಷವಾಯಿತು ಆ ದಿಬ್ಬಕ್ಕೆ ಗಾಳ ಇಳಿಸಿ.
ನನ್ನದೊಂದು ಸೀಸದ ಗುಂಡು ಹವಳ ಮುರಿಯುತ್ತದಂತೆ,
ಇವರ ನೇಗಿಲು ಮುದ್ದು ಮಾಡುತ್ತದಾ?"
ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಕುಣಿಯಿತು.
ಲಿಸ್ಬನ್ನಿನಿಂದ, ಮೀನಿನ ಹರಾಜಿನವನು.
ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದ:
"ಹದಿನಾರಕ್ಕೆ ಬಿಡಬೇಡ. ಹದಿನೆಂಟು."
ಎಲ್ಲರೂ ನಕ್ಕರು, ಅವನೂ.
"ಇದೂ ಅಂಥದೇ ದಾರದಲ್ಲಿ ಬಂತು. ಗೊತ್ತು.
ಗೊತ್ತಿದ್ದೇ ಕೇಳುತ್ತಿದ್ದೇನೆ."

ಷರತ್ತು ಬರೆಯುವುದು ನನ್ನ ಹೊಟ್ಟೆಪಾಡು.
ಒಂದು: ತಿಮಿಂಗಿಲ ಹಾಯುವ ತಿಂಗಳುಗಳಲ್ಲಿ ಹಡಗು ಬರಕೂಡದು.
ಏಳು: ಗುಡ್ಡದ ಹತ್ತಿರ ನೇಗಿಲು ಇಳಿಸಕೂಡದು.
ಹನ್ನೊಂದು: ಎಲ್ಲಿಯೂ ಜೋಲು ಇರಕೂಡದು
(ಹಿಂದೆ ಜೋಲುತಂತಿಗೆ ದವಡೆ ಸಿಕ್ಕಿ
ಉಸಿರಿಗೆ ಮೇಲೆ ಬರಲಾಗದೆ ಸತ್ತವು ಇವೆ).
ಹದಿನಾಲ್ಕು: ಬಳಕೆ ಮುಗಿದ ಕೇಬಲನ್ನು
ಪೂರ್ತಿಯಾಗಿ ಕಿತ್ತು ತೆಗೆಯತಕ್ಕದ್ದು.

ಅಲ್ಲಿ ಪೆನ್ನು ನಿಂತಿತು.

ಮಧ್ಯಾಹ್ನ ಕ್ಯಾಮೆರಾ ತಂದ ಚಿತ್ರ ನೋಡಿದ್ದೆ.
ಇನ್ನೂರ ಹತ್ತು ಮಾರು ಆಳದಲ್ಲಿ
ನೂರು ವರ್ಷ ಹಿಂದಿನ ತಂತಿ.
ನನ್ನ ಮುತ್ತಜ್ಜಿ ಜೆರ್ತ್ರೂದಿಶ್
ತಂತಿ ಆಫೀಸಿನ ಮಹಡಿ ಗುಡಿಸುತ್ತಿದ್ದವಳು.
ಯಾರದೋ ಸಾವು, ಎಲ್ಲಿಯದೋ ಯುದ್ಧ, ಸಕ್ಕರೆಯ ಧಾರಣೆ
ಅವಳ ಪೊರಕೆಯ ಪಕ್ಕದಲ್ಲೇ ಟಕಟಕ ಹಾದುಹೋದವು;
ಅವಳ ಪಾಲಿಗೆ ಎಲ್ಲವೂ ಒಂದೇ ಮಳೆಹುಳದ ಸದ್ದು.
ಈಗ ಆ ತಂತಿಯ ಮೇಲೆ ಕಪ್ಪು ಹವಳ,
ಬಾಚದ ತಲೆಯಂತೆ.
ಸ್ಪಂಜಿನ ಬಾಯಲ್ಲಿ ಸೀಗಡಿಯೊಂದು ಬಾಡಿಗೆಗೆ.
ಆಳದ ಪುಟ್ಟ ಶಾರ್ಕೊಂದು
ಮೊಟ್ಟೆಯ ಚೀಲವನ್ನು ಬಳ್ಳಿನೂಲಿನಿಂದ
ತಂತಿಗೆ ಸುತ್ತಿ ಕಟ್ಟಿಹೋಗಿದೆ.
ಒಳಗೇನೋ ಅಲುಗಿತು.
ನಿಲ್ಲಿಸಿ, ಹಿಂದಕ್ಕೆ ಒಯ್ದು, ಮತ್ತೆ ನೋಡಿದೆ.
ಅಲುಗಿತು.

ಕಿತ್ತರೆ ಕೀಳುವುದು ಯಾರ ತೊಟ್ಟಿಲು?
ಬಿಟ್ಟರೆ, ಕಂಪನಿಗೆ ನಾನೇ ಪಾಠ ಹೇಳಿದ ಹಾಗೆ:
ಎಸೆದು ಕಾಯಿರಿ, ನೂರು ವರ್ಷಕ್ಕೆ
ಕಡಲು ಕ್ಷಮಿಸುತ್ತದೆ.
ಕಡಲು ಕ್ಷಮಿಸಿದ್ದನ್ನು ನಾನು ಕಾಣೆ.
ಸಿಕ್ಕಿದ್ದರಲ್ಲಿ ಸಂಸಾರ ಹೂಡುತ್ತದೆ, ಅಷ್ಟೆ.

ಮೇಲಧಿಕಾರಿ ಫೋನಿನಲ್ಲಿ ದಾರಿ ತೋರಿದ:
"ಸಾಧ್ಯವಾದ ಮಟ್ಟಿಗೆ ಅಂತ ಸೇರಿಸು, ಲಿಯೊನೀಲ್ದ್."
ಅಡ್ಡಗೋಡೆಯ ಮೇಲಿನ ದೀಪ.
ಎರಡೂ ಕಡೆಗೆ ಅರೆಬೆಳಕು, ಎಣ್ಣೆ ನಮ್ಮದು.

ಎರಡು ಗಂಟೆ ರಾತ್ರಿಗೆ ಕೆಂಪು ಗೆರೆಯನ್ನು
ದಿಬ್ಬದ ಸುತ್ತ ಬಾಗಿಸಿದೆ,
ಹತ್ತೊಂಬತ್ತು ಕಿಲೋಮೀಟರ್ ಹೆಚ್ಚು.
ಹದಿನಾಲ್ಕನ್ನು ಹೊಡೆದು ಹಾಕಿ ಬರೆದೆ:
ತೆಗೆಯುವ ಮೊದಲು ಇಳಿದು ನೋಡತಕ್ಕದ್ದು.
ನೋಡುವ ಖರ್ಚು ಹಾಕಿದವರದ್ದು.
ಕಾನೂನಿನ ಭಾಷೆಯಲ್ಲಿ ಇದು ವಾಕ್ಯವೇ ಅಲ್ಲ
ಅಂತ ನಾಳೆ ಫೋನು ಬರುತ್ತದೆ.

ಬೆಳಿಗ್ಗೆ ಧಕ್ಕೆಯ ಮೇಲೆ ಎದುಯೀನು
ಕೊಕ್ಕೆಗಳಿಗೆ ಒಂದೊಂದಾಗಿ ಎಣ್ಣೆ ಒರೆಸುತ್ತಿದ್ದ.
"ಬರೆದೆಯಾ?"
"ಬರೆದೆ. ಮೊದಲು ಇಳಿದು ನೋಡಬೇಕು ಅಂತ."
ಅವನು ಕೊಕ್ಕೆಯ ತುದಿಯನ್ನು ಉಗುರಿಗೆ ತಾಗಿಸಿ ನೋಡಿದ.
"ಒಳ್ಳೆಯದು," ಅಂದ.
"ನನ್ನನ್ನು ಅಲ್ಲಿಂದ ಎಬ್ಬಿಸುವಾಗ
ಯಾರು ಇಳಿದಿದ್ದರು?"